ಮೂರು ವರ್ಷದ ಮಗನಿಗೆ ಮೂತ್ರಕೋಶದಲ್ಲಿ ಕಲ್ಲು. ಯಾಕೆ ಬಂತು?

ಪುಟ್ಟನ ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಮೂರು ವರ್ಷ ಎರಡು ತಿಂಗಳು. ಹೋದ ವಾರ ಅವನ ಮೂತ್ರಕೋಶದಿಂದ ಒಂದು ಕಲ್ಲು ತೆಗೆದರು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಕಂದು ಬಣ್ಣ, ಮೈಯೆಲ್ಲ ತರಿತರಿ. ಚಿಕ್ಕ ಡಬ್ಬಿಯಲ್ಲಿ ಹಾಕಿ ತೋರಿಸಿದರು. ಅದನ್ನು ಹಿಡಿದುಕೊಂಡ ನನ್ನ ಕೈ ನಡುಗುತ್ತಿತ್ತು.

ಎರಡು ತಿಂಗಳಿಂದ ಸುಸ್ಸು ಮಾಡುವಾಗ ಅಳುತ್ತಿದ್ದ. ಧಾರೆ ಚೆನ್ನಾಗಿಯೇ ಶುರುವಾಗುತ್ತಿತ್ತು, ನಡುವೆ ತಟಕ್ಕನೆ ನಿಂತುಬಿಡುತ್ತಿತ್ತು. ಮಲಗಿಸಿದರೆ ಮತ್ತೆ ಬರುತ್ತಿತ್ತು. ಯಾವಾಗಲೂ ಅಲ್ಲೇ ಕೈ ಹಾಕಿ ಎಳೆದುಕೊಳ್ಳುತ್ತಿದ್ದ. ಅದು ಕೆಟ್ಟ ಅಭ್ಯಾಸ ಅಂತ ನಾವು ಗದರಿಸಿದೆವು. ಎರಡು ಸಲ ಕೈಗೆ ಹೊಡೆದೂ ಇದ್ದೇನೆ. ಈಗ ನೆನೆಸಿಕೊಂಡರೆ ಕರುಳು ಹಿಂಡುತ್ತದೆ.

ಕಲ್ಲು ಹೋಯಿತು, ಮಗು ಆರಾಮಾಗಿದ್ದಾನೆ. ಆದರೆ ಯಾಕೆ ಬಂತು? ಅತ್ತೆ ಹೇಳುವುದು ಮಣ್ಣು ತಿಂದದ್ದಕ್ಕೆ. ನಮ್ಮವರು ಹೇಳುವುದು ನೀರು ಗಡಸು ಅಂತ. ನಾದಿನಿ ಹೇಳುವುದು ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಚಿಕ್ಕವನಿದ್ದಾಗ ಕುಡಿಸಿದ ಹಾಲಿನಿಂದಲೇ ಬಂದದ್ದು, ಇನ್ನು ಕೊಡಲೇಬೇಡಿ ಅಂತ. ಯಾರ ಮಾತು ನಂಬಲಿ? ಮತ್ತೆ ಬರುತ್ತದಾ?

ಇಬ್ಬರ ತಾಯಿ
ಅಯ್ಯೋ ಕಂದ. ಬೇಗ ಗುಣವಾಗಲಿ. ಹೊಡೆದದ್ದಕ್ಕೆ ಕೊರಗಬೇಡಿ, ಯಾರಿಗೆ ತಾನೆ ಗೊತ್ತಾಗುತ್ತದೆ ಹೇಳಿ.

ನನ್ನ ದೊಡ್ಡವನಿಗೂ ಕಿಡ್ನಿ ಕಲ್ಲು ಇತ್ತು. ಟೊಮೆಟೊ ಬೀಜ ನಿಲ್ಲಿಸಿದೆವು, ಸರಿಹೋಯಿತು.

ನರ್ಸಕ್ಕ
@ಇಬ್ಬರ ತಾಯಿ, ಬೀಜದಿಂದ ಕಲ್ಲಾಗುವುದಿಲ್ಲ ಅಕ್ಕ. ಬೀಜ ಹೊಟ್ಟೆಯಿಂದ ಮಲದಲ್ಲಿ ಹೋಗುತ್ತದೆ, ಮೂತ್ರದ ದಾರಿಗೆ ಬರುವುದೇ ಇಲ್ಲ. ಮಣ್ಣು ತಿಂದರೂ ಅಷ್ಟೇ. ಕಲ್ಲು ಹೊರಗಿನಿಂದ ಒಳಗೆ ಹೋದದ್ದಲ್ಲ, ಮೂತ್ರದಲ್ಲಿ ಕರಗಿರಬೇಕಾದ ಲವಣ ಕರಗದೆ ಹರಳುಗಟ್ಟಿದ್ದು.

ಇನ್ನೊಂದು ವಿಷಯ. ಎಲ್ಲರೂ ಮೂತ್ರಪಿಂಡ, ಮೂತ್ರಕೋಶ ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಮೂತ್ರಪಿಂಡ ಅಂದರೆ ಕಿಡ್ನಿ, ಉಚ್ಚೆ ತಯಾರಾಗುವ ಜಾಗ. ಮೂತ್ರಕೋಶ ಅಂದರೆ ಅದು ತುಂಬಿ ನಿಲ್ಲುವ ಚೀಲ. ಇವರ ಮಗುವಿಗೆ ಬಂದದ್ದು ಚೀಲದಲ್ಲಿ. ಎರಡರ ಕಾರಣವೂ ಬೇರೆ ಬೇರೆ.

ಗಂಟೆಹೊಡೆದ ಮೇಷ್ಟ್ರು
ನೀರೇ ಕಾರಣ. ಇದರಲ್ಲಿ ಚರ್ಚೆ ಏನಿದೆ? ಗಡಸು ನೀರು ಕಾಯಿಸಿದ ಪಾತ್ರೆ ನೋಡಿ, ತಳದಲ್ಲಿ ಬಿಳಿ ಪದರ ಕಟ್ಟಿರುತ್ತದೆ. ಮಗುವಿನ ಹೊಟ್ಟೆಯಲ್ಲೂ ಅದೇ ಆಗುವುದು.

ಮಕ್ಕಳ ಶಸ್ತ್ರವೈದ್ಯ
ಮೇಷ್ಟ್ರೇ, ಪಾತ್ರೆಯಲ್ಲಿ ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣ ತಳಕ್ಕೆ ಕೂರುತ್ತದೆ. ದೇಹ ಹಾಗೆ ಕೆಲಸ ಮಾಡುವುದಿಲ್ಲ. ಕರುಳು ತನಗೆ ಬೇಕಾದಷ್ಟನ್ನೇ ಹೀರಿಕೊಳ್ಳುತ್ತದೆ, ಜಾಸ್ತಿಯಾದದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ. ಗಡಸು ನೀರಿಗೂ ಚಿಕ್ಕ ಮಕ್ಕಳ ಮೂತ್ರಕೋಶದ ಕಲ್ಲಿಗೂ ಗಟ್ಟಿ ನಂಟು ತೋರಿಸಲು ಯಾರಿಗೂ ಆಗಿಲ್ಲ.

ಪುಟ್ಟನ ಅಮ್ಮನವರೇ, ಮೂರು ಪ್ರಶ್ನೆ. ಕಲ್ಲನ್ನು ಪರೀಕ್ಷೆಗೆ ಕಳಿಸಿದ್ದಾರಾ? ಮೂತ್ರದ ಕಲ್ಚರ್, ಅಂದರೆ ಸೋಂಕಿದೆಯಾ ಅಂತ ನೋಡುವ ಪರೀಕ್ಷೆ, ಆಗಿದೆಯಾ? ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ಸರಿಯಾಗಿವೆ ಅಂತ ಬರೆದಿದ್ದಾರಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಮಕ್ಕಳ ಮೂತ್ರಕೋಶದ ಕಲ್ಲು ಎರಡು ತರದ್ದು. ಒಂದರಲ್ಲಿ ಮೂತ್ರದ ದಾರಿಯಲ್ಲೇ ತೊಂದರೆ ಇರುತ್ತದೆ. ಹುಟ್ಟಿನಿಂದ ಮೂತ್ರನಾಳದಲ್ಲಿ (ಮೂತ್ರಕೋಶದಿಂದ ಉಚ್ಚೆ ಹೊರಗೆ ಬರುವ ಕೊಳವೆ) ಕವಾಟದ ಹಾಗೆ ಪೊರೆ ಇರಬಹುದು, ಬೆನ್ನುಹುರಿಯ ದೋಷದಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಇರಬಹುದು, ಸೋಂಕು ಪದೇ ಪದೇ ಬರುತ್ತಿರಬಹುದು. ನಿಂತ ನೀರಿನಲ್ಲಿ ಗಸಿ ಕೂರುತ್ತದಲ್ವಾ, ಹಾಗೆ. ಇನ್ನೊಂದರಲ್ಲಿ ದಾರಿ ಎಲ್ಲ ಚೆನ್ನಾಗಿರುತ್ತದೆ, ಸೋಂಕೂ ಇರುವುದಿಲ್ಲ, ಕಿಡ್ನಿಯೂ ಸರಿ. ಆದರೂ ಚೀಲದಲ್ಲಿ ಒಂದೇ ಒಂದು ಕಲ್ಲು. ಹೆಚ್ಚಾಗಿ ಎರಡರಿಂದ ಐದು ವರ್ಷದ ಗಂಡುಮಕ್ಕಳಿಗೆ. ಇದು ಊಟಕ್ಕೆ ಮತ್ತು ನೀರಿಗೆ ಸಂಬಂಧಿಸಿದ್ದು. ನೀರಿನ ಗಡಸುತನಕ್ಕಲ್ಲ, ಕುಡಿಯುವ ಅಳತೆಗೆ.

ಪುಟ್ಟನ ಅಮ್ಮ
ಕಿಡ್ನಿ ಎರಡೂ ಸರಿ ಅಂತ ಬರೆದಿದೆ ಡಾಕ್ಟ್ರೇ. ಕಲ್ಚರ್‌ನಲ್ಲಿ ಸೋಂಕು ಇಲ್ಲ. ಕಲ್ಲು ಪರೀಕ್ಷೆಗೆ ಹೋಗಿದೆ, ವರದಿ ಇನ್ನೂ ಬಂದಿಲ್ಲ. ಮೊದಲು ತೋರಿಸಿದ ಕಡೆ ಎಕ್ಸ್‌ರೇ ತೆಗೆದು ಏನೂ ಇಲ್ಲ, ಸುಮ್ನೆ ಹಟ ಅಂತ ಕಳಿಸಿದ್ದರು. ಅಲ್ಲೇ ಒಂದು ತಿಂಗಳು ಹೋಯಿತು.

ಲ್ಯಾಬ್ ಹುಡುಗ
ಎಕ್ಸ್‌ರೇಯಲ್ಲಿ ಕಾಣಲಿಲ್ಲ ಅಂದರೆ ಯೂರೇಟ್ (ಯೂರಿಕ್ ಆಮ್ಲದ ಲವಣ) ಜಾಸ್ತಿ ಇರುವ ಕಲ್ಲೇ ಇರಬೇಕು. ಕ್ಯಾಲ್ಸಿಯಂ ಇದ್ದರೆ ಬೆಳ್ಳಗೆ ಕಾಣುತ್ತದೆ. ಯೂರಿಕ್ ಆಮ್ಲದ್ದು, ಅಮೋನಿಯಂ ಯೂರೇಟ್‌ದು ಎಕ್ಸ್‌ರೇಯಲ್ಲಿ ಕಾಣುವುದು ಕಷ್ಟ. ಸ್ಕ್ಯಾನಿಂಗ್‌ನಲ್ಲಿ ಮಾತ್ರ ಎಲ್ಲವೂ ಕಾಣುತ್ತದೆ.

ಹೀಗಾಗಿ ನಾದಿನಿಯವರ ಹಾಲು–ಕ್ಯಾಲ್ಸಿಯಂ ಲೆಕ್ಕ ಇಲ್ಲಿ ಕೂರುವುದಿಲ್ಲ ಅನ್ನಿಸುತ್ತದೆ.

ಓದುಗ 77
ಅಮೋನಿಯಂ ಅಂತ ಬಂದರೆ ಸೋಂಕು ಅಂತಲೇ ಅರ್ಥ ಅಲ್ವಾ? ಹಾಗೆ ಓದಿದ ನೆನಪು.

ಮಕ್ಕಳ ಶಸ್ತ್ರವೈದ್ಯ
ಅದು ಬೇರೆ ಕಲ್ಲು. ಪ್ರೋಟಿಯಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳು ಮೂತ್ರದಲ್ಲಿರುವ ಯೂರಿಯಾ ಒಡೆದು ಅಮೋನಿಯಾ ಮಾಡುತ್ತವೆ. ಮೂತ್ರ ಕ್ಷಾರವಾಗುತ್ತದೆ. ಆಗ ಕಟ್ಟುವುದು ಮೆಗ್ನೀಷಿಯಂ ಅಮೋನಿಯಂ ಫಾಸ್ಫೇಟ್, ಅದನ್ನು ಸ್ಟ್ರುವೈಟ್ ಅನ್ನುತ್ತೇವೆ. ಅಮೋನಿಯಂ ಯೂರೇಟ್ ಕಲ್ಲು ಸೋಂಕೇ ಇಲ್ಲದ ಮಗುವಿಗೂ ಬರುತ್ತದೆ. ಹೆಸರಿನಲ್ಲಿ ಎರಡಕ್ಕೂ ಅಮೋನಿಯಂ ಇದೆ, ಅಷ್ಟೇ.

ಇತಿಹಾಸದ ಹುಚ್ಚು
ಗಡಸು ನೀರಿನ ಜಗಳ ಇವತ್ತಿನದಲ್ಲ. ಇಂಗ್ಲೆಂಡಿನ ನಾರ್ಫೋಕ್ ಅನ್ನುವ ಸೀಮೆ ಒಂದು ಕಾಲದಲ್ಲಿ ಮೂತ್ರಕೋಶದ ಕಲ್ಲಿಗೇ ಹೆಸರಾಗಿತ್ತು. ಅಲ್ಲಿನ ನಾರ್ವಿಚ್ ಪಟ್ಟಣದಲ್ಲಿ 1770ರ ದಶಕದಲ್ಲಿ ದೊಡ್ಡ ಆಸ್ಪತ್ರೆ ಶುರುವಾಯಿತು. ತೆಗೆದ ಕಲ್ಲುಗಳನ್ನೆಲ್ಲ ಅಲ್ಲಿ ಜೋಡಿಸಿ ಇಡುತ್ತಿದ್ದರು. ರೋಗಿಗಳಲ್ಲಿ ಬಹಳಷ್ಟು ಜನ ಬಡವರ ಮನೆಯ ಚಿಕ್ಕ ಹುಡುಗರು. ಆಗಲೂ ಜನ ನೀರನ್ನೇ ದೂರಿದರು, ಯಾಕೆಂದರೆ ಅದು ಸುಣ್ಣದ ನೆಲ.

ಆಮೇಲೆ ಏನಾಯಿತು? 20ನೇ ಶತಮಾನ ಶುರುವಾಗುವ ಹೊತ್ತಿಗೆ ಮಕ್ಕಳಲ್ಲಿ ಆ ಕಲ್ಲು ಹೆಚ್ಚುಕಡಿಮೆ ಮಾಯವಾಯಿತು. ನೀರು ಬದಲಾಯಿತಾ? ಇಲ್ಲ. ಅಲ್ಲಿನ ನೀರು ಇಂದಿಗೂ ಗಡಸೇ. ಬದಲಾದದ್ದು ಮಕ್ಕಳ ತಟ್ಟೆ. ಬರೀ ಬ್ರೆಡ್ಡು, ಗಂಜಿ ಇದ್ದ ಕಡೆ ಹಾಲು, ಮೊಟ್ಟೆ, ಮಾಂಸ ಬಂತು.

ಮೇಷ್ಟ್ರೇ, ಇದಕ್ಕೆ ಏನಂತೀರಿ?

ಗಂಟೆಹೊಡೆದ ಮೇಷ್ಟ್ರು
ಒಪ್ಪುವ ಮಾತು. ನೀರು ಅದೇ, ರೋಗ ಇಲ್ಲ ಅಂದಮೇಲೆ ನೀರನ್ನು ದೂರಲು ಆಗುವುದಿಲ್ಲ. ಆದರೆ ಊಟದಲ್ಲಿ ಏನೋ ಕಮ್ಮಿಯಾದರೆ ಕಲ್ಲು ಕಟ್ಟುವುದು ಹೇಗೆ? ಜಾಸ್ತಿಯಾದರೆ ಕಟ್ಟುತ್ತದೆ ಅಂದರೆ ತಲೆಗೆ ಹೋಗುತ್ತದೆ.

ಮಕ್ಕಳ ಶಸ್ತ್ರವೈದ್ಯ
ಒಳ್ಳೆಯ ಪ್ರಶ್ನೆ. ಇದು ತಿಳಿದರೆ ಎಲ್ಲ ತಿಳಿದ ಹಾಗೆ. ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ದೇಹದಲ್ಲಿ ದಿನಾ ಆಮ್ಲ ಹುಟ್ಟುತ್ತದೆ. ಅದನ್ನು ಮೂತ್ರಪಿಂಡ ಹೊರಗೆ ಸಾಗಿಸಬೇಕು. ಸಾಗಿಸಲು ಎರಡು ಗಾಡಿ ಇವೆ ಅಂದುಕೊಳ್ಳಿ. ಒಂದು ಫಾಸ್ಫೇಟ್ (ರಂಜಕದಿಂದಾಗುವ ಲವಣ), ಇನ್ನೊಂದು ಅಮೋನಿಯಾ. ಹಾಲು, ಮೊಟ್ಟೆ, ಮಾಂಸ ತಿನ್ನುವ ಮಗುವಿನ ಮೂತ್ರದಲ್ಲಿ ಫಾಸ್ಫೇಟ್ ಬೇಕಾದಷ್ಟು ಇರುತ್ತದೆ. ಎರಡು ಗಾಡಿಯೂ ಓಡುತ್ತವೆ. ಬರೀ ಅನ್ನ, ಗಂಜಿ, ಹಿಟ್ಟಿನ ಮೇಲೆ ಬೆಳೆಯುವ ಮಗುವಿಗೆ ಫಾಸ್ಫೇಟ್ ತೀರಾ ಕಮ್ಮಿ. ಭಾರವೆಲ್ಲ ಅಮೋನಿಯಾ ಗಾಡಿಯ ಮೇಲೆ ಬೀಳುತ್ತದೆ. ಮೂತ್ರದಲ್ಲಿ ಅಮೋನಿಯಂ ಏರುತ್ತದೆ. ಅಲ್ಲಿ ಯೂರೇಟ್ ಹೇಗೂ ಇದ್ದೇ ಇರುತ್ತದೆ. ಇವೆರಡೂ ಕೈ ಹಿಡಿದರೆ ಅಮೋನಿಯಂ ಯೂರೇಟ್. ಅದು ಸುಲಭಕ್ಕೆ ಕರಗುವುದಿಲ್ಲ.

ಇದರ ಮೇಲೆ ಮಗುವಿಗೆ ಭೇದಿ ಬಂತು ಅನ್ನಿ, ಅಥವಾ ಸೆಕೆಗಾಲದಲ್ಲಿ ಸರಿಯಾಗಿ ನೀರು ಕುಡಿಯಲಿಲ್ಲ ಅನ್ನಿ. ಮೂತ್ರ ಗಟ್ಟಿಯಾಗುತ್ತದೆ, ದಿನಕ್ಕೆ ಮೂರೇ ಸಲ ಹೋಗುತ್ತದೆ. ಹರಳು ಮೂತ್ರಕೋಶದಲ್ಲಿ ಕೂತು ಪದರ ಪದರವಾಗಿ ಬೆಳೆಯುತ್ತದೆ. ಕತ್ತರಿಸಿ ನೋಡಿದರೆ ಒಳಗೆ ಈರುಳ್ಳಿಯ ಹಾಗೆ ಸುತ್ತು ಕಾಣುವ ಕಲ್ಲುಗಳನ್ನು ತೆಗೆದಿದ್ದೇನೆ. ನಡುವಿನ ತಿರುಳು ಯೂರೇಟ್, ಮೇಲಿನ ಸುತ್ತು ಕ್ಯಾಲ್ಸಿಯಂ ಆಕ್ಸಲೇಟ್ ಇರುವುದೂ ಉಂಟು.

ಓದುಗ 77
ಒಂದು ಅನುಮಾನ. ಧಾನ್ಯದಲ್ಲೂ ರಂಜಕ ಇದೆಯಲ್ಲ? ಪೊಟ್ಟಣದ ಮೇಲೆ ಬರೆದಿರುತ್ತದೆ. ಹಾಗಾದರೆ ಫಾಸ್ಫೇಟ್ ಯಾಕೆ ಕಮ್ಮಿಯಾಗಬೇಕು?

ಲ್ಯಾಬ್ ಹುಡುಗ
ಇದೆ, ಆದರೆ ಬಹುಪಾಲು ಫೈಟೇಟ್ ರೂಪದಲ್ಲಿ ಬಿಗಿದುಕೊಂಡಿರುತ್ತದೆ. ನಮ್ಮ ಕರುಳಿಗೆ ಅದನ್ನು ಬಿಡಿಸಿಕೊಳ್ಳಲು ಸರಿಯಾಗಿ ಬರುವುದಿಲ್ಲ. ಜೊತೆಗೆ ಅಕ್ಕಿ ಪಾಲಿಶ್ ಮಾಡಿದರೆ ತೌಡಿನ ಜೊತೆ ಇದ್ದದ್ದೂ ಹೋಗುತ್ತದೆ. ಹಾಲಿನದ್ದು ಹಾಗಲ್ಲ, ಚೆನ್ನಾಗಿ ಮೈಗೆ ಹತ್ತುತ್ತದೆ.

ಪುಟ್ಟನ ಅಮ್ಮ
ಡಾಕ್ಟ್ರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಮ್ಮ ಮನೆಯ ಕಥೆಯನ್ನೇ ಬರೆದ ಹಾಗಿದೆ.

ಒಂದೂವರೆ ವರ್ಷದಲ್ಲಿ ಅವನಿಗೆ ಕಫ ಜಾಸ್ತಿ ಅಂತ ಹಾಲು ನಿಲ್ಲಿಸಿದೆವು. ಪೂರ್ತಿ ನಿಲ್ಲಿಸಿದೆವು. ಮೊಸರೂ ಶೀತ ಅಂತ ಕೊಡಲಿಲ್ಲ. ಮೊಟ್ಟೆ ಕೊಟ್ಟರೆ ಉಗುಳುತ್ತಿದ್ದ, ಬಿಟ್ಟೆವು. ಮೂರು ಹೊತ್ತೂ ಮೆತ್ತಗಿನ ಅನ್ನ, ಇಲ್ಲ ಗಂಜಿ. ಅದನ್ನು ಮಾತ್ರ ತಕರಾರಿಲ್ಲದೆ ತಿನ್ನುತ್ತಿದ್ದ. ತೂಕವೂ ಇತ್ತು, ಕೆನ್ನೆಯೂ ತುಂಬಿತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಕಲ್ಲು ಕಾಣಿಸುವ ನಾಲ್ಕೈದು ತಿಂಗಳು ಮುಂಚೆ ಹತ್ತು ದಿನ ಭೇದಿ ಆಗಿತ್ತು. ನೀರು ಕೊಟ್ಟರೆ ಇನ್ನೂ ಜಾಸ್ತಿ ಆಗುತ್ತದೆ ಅಂತ ಸ್ವಲ್ಪ ಸ್ವಲ್ಪವೇ ಕೊಟ್ಟೆವು.

ಹಾಲು ಕುಡಿಸಿದ್ದು ತಪ್ಪಾ ಅಂತ ಕೇಳಲು ಬಂದವಳು ನಾನು.

ನರ್ಸಕ್ಕ
ನೋಡಿ, ಭೇದಿಯಾದಾಗ ನೀರು ಕಡಿಮೆ ಮಾಡುವ ತಪ್ಪನ್ನು ನಾನು ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಮಕ್ಕಳ ಮೇಲೆ ಜೀವ ಇಟ್ಟುಕೊಂಡವರೇ ಮಾಡುತ್ತಾರೆ. ಭೇದಿ ನಿಲ್ಲಲಿ ಅಂತ ನೀರು ಹಿಡಿದರೆ ಭೇದಿ ನಿಲ್ಲುವುದಿಲ್ಲ, ಉಚ್ಚೆ ನಿಲ್ಲುತ್ತದೆ. ಓಆರ್‌ಎಸ್ ಪ್ರತಿ ಸಲ ಭೇದಿಯಾದ ಮೇಲೆ ಚಮಚದಲ್ಲಿ ಕೊಡುತ್ತಾ ಇರಬೇಕು. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಬೇಕು.

ಕಫಕ್ಕೆ ಹಾಲು ಬಿಡಿಸುವುದೂ ಬೇಡ. ಹಾಲು ಕುಡಿದ ಮೇಲೆ ಗಂಟಲು ಮಂದ ಅನ್ನಿಸುತ್ತದೆ, ಅದು ಕಫ ಹೆಚ್ಚಾದದ್ದಲ್ಲ. ಹಾಲಿನ ಅಲರ್ಜಿ ಇರುವ ಮಗುವಿನ ಮಾತು ಬೇರೆ, ಅದನ್ನು ವೈದ್ಯರು ನೋಡಿ ಹೇಳಬೇಕು.

ಇತಿಹಾಸದ ಹುಚ್ಚು
ಇದೇ ಕಥೆ ಥಾಯ್ಲೆಂಡಿನಲ್ಲೂ ನಡೆದಿದೆ. ಈಶಾನ್ಯ ಭಾಗದ ಉಬೊನ್ ಅನ್ನುವ ಕಡೆ ಹಳ್ಳಿ ಮಕ್ಕಳಲ್ಲಿ ಈ ಕಲ್ಲು ವಿಪರೀತ ಇತ್ತು. 1960ರ ದಶಕದಲ್ಲಿ ಅಲ್ಲಿಯ ಮತ್ತು ಅಮೆರಿಕದ ಸಂಶೋಧಕರು ಜೊತೆಯಾಗಿ ಹಳ್ಳಿಗಳಲ್ಲಿ ಕೂತು ಕೆಲಸ ಮಾಡಿದರು. ಅಲ್ಲಿ ಹುಟ್ಟಿದ ಕೆಲವೇ ವಾರಕ್ಕೆ ಕೂಸಿಗೆ ಅಂಟು ಅಕ್ಕಿಯ ಅನ್ನ ತಿನ್ನಿಸುವ ರೂಢಿ ಇತ್ತು, ತಾಯಿ ಅಗಿದು ಕೊಡುತ್ತಿದ್ದಳು. ಕೂಸಿನ ಹೊಟ್ಟೆ ಅನ್ನದಲ್ಲಿ ತುಂಬಿ ಹಾಲು ಕಮ್ಮಿಯಾಗುತ್ತಿತ್ತು. ಮಕ್ಕಳಿಗೆ ಫಾಸ್ಫೇಟ್ ಕೊಟ್ಟು ನೋಡಿದಾಗ ಮೂತ್ರದಲ್ಲಿ ಹರಳು ಕಡಿಮೆಯಾದವು. ಡಾಕ್ಟ್ರು ಹೇಳಿದ ಗಾಡಿಯ ಲೆಕ್ಕ ಗಟ್ಟಿಯಾದದ್ದು ಹೀಗೆ.

ಟರ್ಕಿ, ಇರಾನ್, ಪಾಕಿಸ್ತಾನ, ಉತ್ತರ ಭಾರತ, ಥಾಯ್ಲೆಂಡ್, ಇಂಡೋನೇಷ್ಯಾ, ಇವನ್ನೆಲ್ಲ ಸೇರಿಸಿ ಕಲ್ಲಿನ ಪಟ್ಟಿ ಅಂತಲೇ ಕರೆಯುತ್ತಿದ್ದರು.

ಹೊಸ ಅಪ್ಪ
ಹೆದರಿಕೆ ಆಯಿತು. ನಮ್ಮ ಮಗುವಿಗೆ ನಾಲ್ಕು ತಿಂಗಳು, ಬರೀ ಎದೆಹಾಲು. ಎದೆಹಾಲಿನಲ್ಲಿ ಫಾಸ್ಫೇಟ್ ಕಮ್ಮಿ ಅಂತ ಎಲ್ಲೋ ಓದಿದ್ದೆ. ಪುಡಿಹಾಲು ಸೇರಿಸಬೇಕಾ?

ಮಕ್ಕಳ ಶಸ್ತ್ರವೈದ್ಯ
ಖಂಡಿತ ಬೇಡ. ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿಗೆ ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಎದೆಹಾಲಿನ ಫಾಸ್ಫೇಟ್ ಹಸುವಿನ ಹಾಲಿಗಿಂತ ಕಮ್ಮಿ ಇರುವುದು ನಿಜ, ಆದರೆ ಕೂಸಿಗೆ ಅಷ್ಟೇ ಬೇಕಾದದ್ದು. ಅದಕ್ಕೆ ತೀರಾ ಬೇಗ ಗಂಜಿ ಸೇರಿಸಿದಾಗ ಲೆಕ್ಕ ತಪ್ಪುತ್ತದೆ. ಆರು ತಿಂಗಳಾದ ಮೇಲೆ ಬರೀ ಧಾನ್ಯವಲ್ಲ, ಬೇಳೆ, ಮೊಟ್ಟೆ, ಮೊಸರು, ನಿಮ್ಮ ಮನೆಯಲ್ಲಿ ತಿನ್ನುವ ಪೌಷ್ಟಿಕ ಪದಾರ್ಥ ಯಾವುದಿದೆಯೋ ಅದು ಸೇರಬೇಕು.

ಇಬ್ಬರ ತಾಯಿ
ಪುಡಿಹಾಲು ಅಂದಾಗ ನೆನಪಾಯಿತು. ಚೀನಾದಲ್ಲಿ ಪುಡಿಹಾಲು ಕುಡಿದ ಕೂಸುಗಳಿಗೆ ಕಲ್ಲಾಗಿತ್ತಲ್ವಾ?

ಲ್ಯಾಬ್ ಹುಡುಗ
ಹೌದು, 2008ರಲ್ಲಿ. ಆದರೆ ಅದು ಹಾಲಿನ ತಪ್ಪಲ್ಲ, ಕಲಬೆರಕೆ. ನೀರು ಬೆರೆಸಿದ ಹಾಲಿನಲ್ಲಿ ಪ್ರೋಟೀನ್ ಜಾಸ್ತಿ ಇದೆ ಅಂತ ತೋರಿಸಲು ಮೆಲಮೈನ್ ಅನ್ನುವ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಸೇರಿಸಿದ್ದರು. ಪ್ರೋಟೀನ್ ಪರೀಕ್ಷೆ ಸಾರಜನಕವನ್ನು ಅಳೆಯುತ್ತದೆ, ಮೆಲಮೈನ್‌ನಲ್ಲಿ ಸಾರಜನಕ ತುಂಬಾ ಇದೆ. ಕೂಸಿನ ಮೂತ್ರದಲ್ಲಿ ಅದು ಯೂರಿಕ್ ಆಮ್ಲದ ಜೊತೆ ಸೇರಿ ಕಲ್ಲಾಯಿತು. ಸುಮಾರು 3 ಲಕ್ಷ ಮಕ್ಕಳಿಗೆ ತೊಂದರೆಯಾಯಿತು, ಸರ್ಕಾರ ಒಪ್ಪಿದ ಲೆಕ್ಕದಲ್ಲೇ 6 ಕೂಸುಗಳು ಸತ್ತವು. ಓದಿದಾಗ ಎರಡು ದಿನ ಊಟ ಸೇರಲಿಲ್ಲ.

ಚೀಲ ತೊಳೆಯುವ ಅಮ್ಮ
ಇಲ್ಲಿ ಎಲ್ಲರೂ ಊಟದ ಕಡೆಗೇ ಹೋಗುತ್ತಿದ್ದೀರಿ. ಇನ್ನೊಂದು ಗುಂಪಿನ ಮಕ್ಕಳ ಮಾತೂ ಬರಲಿ ಅಂತ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಒಂಬತ್ತು. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದವಳು. ಮೂತ್ರಕೋಶ ತಾನಾಗಿ ಖಾಲಿಯಾಗುವುದಿಲ್ಲ. ಚೀಲ ತೀರಾ ಚಿಕ್ಕದಾಗಿತ್ತು ಅಂತ ಕರುಳಿನ ತುಂಡು ಹೊಲಿದು ದೊಡ್ಡದು ಮಾಡಿದ್ದಾರೆ. ಕರುಳು ಎಲ್ಲಿದ್ದರೂ ತನ್ನ ಗುಣ ಬಿಡುವುದಿಲ್ಲ, ಲೋಳೆ ಸುರಿಸುತ್ತಲೇ ಇರುತ್ತದೆ. ಆ ಲೋಳೆಯ ಮೇಲೆ ಹರಳು ಕೂರುತ್ತದೆ. ಎರಡು ಸಲ ಕಲ್ಲು ತೆಗೆಸಿದ್ದೇವೆ.

ಈಗ ದಿನಾ ರಾತ್ರಿ ಮೂತ್ರಕೋಶಕ್ಕೆ ಸಣ್ಣ ಕೊಳವೆ (ಕ್ಯಾತಿಟರ್) ಹಾಕಿ ಸಲೈನ್‌ನಲ್ಲಿ ತೊಳೆಯುತ್ತೇನೆ. ಸಿರಿಂಜಿನಲ್ಲಿ ಬಿಡುವುದು, ಎಳೆಯುವುದು. ಮೊದಲು ಎಳೆ ಎಳೆಯಾಗಿ ಬಿಳಿ ಲೋಳೆ ಬರುತ್ತದೆ. ತಿಳಿಯಾಗುವವರೆಗೆ ಬಿಡುವುದಿಲ್ಲ. ಅವಳೇ ಈಗ ಬೆಳಕಿಗೆ ಹಿಡಿದು ನೋಡಿ "ಅಮ್ಮಾ, ಸಾಕು, ತಿಳಿಯಾಯಿತು" ಅನ್ನುತ್ತಾಳೆ. ಮೂರು ವರ್ಷದಿಂದ ಕಲ್ಲಿಲ್ಲ.

ಪುಟ್ಟನ ಅಮ್ಮ
ಅಕ್ಕ, ನಿಮ್ಮ ತಾಳ್ಮೆಗೆ ಕೈ ಮುಗಿಯುತ್ತೇನೆ. ಮಗಳಿಗೆ ನನ್ನದೊಂದು ಮುತ್ತು.

ಔಷಧದ ಅಂಗಡಿ
ಔಷಧದಿಂದ ಬರುವುದನ್ನೂ ಹೇಳಬೇಕು. ಫಿಟ್ಸ್‌ಗೆ ಕೊಡುವ ಟೋಪಿರಮೇಟ್, ಫಿಟ್ಸ್ ಮಕ್ಕಳಿಗೆ ಹೇಳುವ ಕೀಟೋಜೆನಿಕ್ ಊಟ (ಜಿಡ್ಡು ಜಾಸ್ತಿ, ಅನ್ನ-ಹಿಟ್ಟು ತೀರಾ ಕಮ್ಮಿ), ಎರಡರಲ್ಲೂ ಕಲ್ಲಿನ ಅಪಾಯ ಇದೆ. ಹಾಗಂತ ನೀವೇ ನಿಲ್ಲಿಸಬೇಡಿ, ಫಿಟ್ಸ್ ಬಂದೀತು. ನೀರು ಜಾಸ್ತಿ ಕೊಡಿ, ಹರಳು ಕಟ್ಟದಂತೆ ತಡೆಯುವ ಸಿಟ್ರೇಟ್ ಬೇಕಾ ಅಂತ ವೈದ್ಯರನ್ನು ಕೇಳಿ. ಇನ್ನೊಂದು, ವಿಟಮಿನ್ ಡಿ ಹನಿ. ದಿನಕ್ಕೆ ಇಷ್ಟು ಅಂತ ಬರೆದದ್ದನ್ನು ಬಿಟ್ಟು "ಒಳ್ಳೆಯದು ತಾನೆ" ಅಂತ ಮೂರು ಪಟ್ಟು ಹಾಕುವವರಿದ್ದಾರೆ. ಮೂತ್ರದಲ್ಲಿ ಕ್ಯಾಲ್ಸಿಯಂ ಏರುತ್ತದೆ.

ಹೊಸ ಅಪ್ಪ
ಗಂಡುಮಕ್ಕಳಿಗೇ ಯಾಕೆ ಜಾಸ್ತಿ?

ನರ್ಸಕ್ಕ
ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡ, ನೇರ. ಸಣ್ಣ ಹರಳು ಬೆಳೆಯುವ ಮೊದಲೇ ಜಾರಿ ಹೋಗುತ್ತದೆ. ಗಂಡುಮಕ್ಕಳದ್ದು ಉದ್ದ, ಸಪೂರ. ಒಳಗೇ ಉಳಿದು ದಪ್ಪವಾಗುತ್ತದೆ. ಹೆಣ್ಣುಮಗುವಿಗೆ ಮೂತ್ರಕೋಶದಲ್ಲಿ ಕಲ್ಲು ಸಿಕ್ಕರೆ ದಾರಿಯಲ್ಲಿ ಬೇರೆ ತೊಂದರೆ ಇದೆಯಾ ಅಂತ ಇನ್ನೂ ಹುಷಾರಾಗಿ ನೋಡುತ್ತಾರೆ.

ಗಂಟೆಹೊಡೆದ ಮೇಷ್ಟ್ರು
ಶಾಲೆಯ ವಿಷಯ ಹೇಳಲೇಬೇಕು. ಮೂವತ್ತು ವರ್ಷ ಒಂದನೇ ಕ್ಲಾಸಿನ ಮಕ್ಕಳನ್ನು ನೋಡಿದ್ದೇನೆ. ಶೌಚಾಲಯ ಗಲೀಜು ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ಕಾಲು ಬಿಗಿಹಿಡಿದು ಕೂರುತ್ತವೆ. ಉಚ್ಚೆ ಬರಬಾರದು ಅಂತ ನೀರೇ ಕುಡಿಯುವುದಿಲ್ಲ. ತಂದ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸು. ಇದರಿಂದ ಕಲ್ಲಾಗುತ್ತದಾ?

ಮಕ್ಕಳ ಶಸ್ತ್ರವೈದ್ಯ
ಹಿಡಿದುಕೊಳ್ಳುವುದೊಂದರಿಂದಲೇ ಕಲ್ಲಾಗುತ್ತದೆ ಅನ್ನಲಾರೆ. ಆದರೆ ನೀರು ಕುಡಿಯದೆ ಇರುವುದು, ಗಂಟೆಗಟ್ಟಲೆ ಹಿಡಿಯುವುದು, ಸೋಂಕು, ಮೂರೂ ಒಂದರ ಬೆನ್ನಿಗೊಂದು ಬರುತ್ತವೆ. ನೀವು ಆಗ ಏನು ಮಾಡಿದಿರಿ ಮೇಷ್ಟ್ರೇ?

ಗಂಟೆಹೊಡೆದ ಮೇಷ್ಟ್ರು
ದಿನಾ ಗಂಟೆ ಹೊಡೆಸುತ್ತಿದ್ದೆ. ಮೊದಲ ಗಂಟೆಗೆ ಎಲ್ಲರೂ ನೀರು ಕುಡಿಯಬೇಕು, ನಾನೂ ಕುಡಿಯುತ್ತಿದ್ದೆ. ಎರಡನೆಯದಕ್ಕೆ ಸಾಲಾಗಿ ಶೌಚಾಲಯಕ್ಕೆ. ಬೆಳಿಗ್ಗೆ ಅದನ್ನು ತೊಳೆಸುವ ಹೊಣೆ ನನ್ನದು. ಆ ಮಕ್ಕಳು ಈಗಲೂ ಸಿಕ್ಕರೆ ಗಂಟೆ ಮೇಷ್ಟ್ರು ಅನ್ನುತ್ತಾರೆ.

ಓದುಗ 77
ಕಲ್ಲು ಕರಗಿಸುವ ಪುಡಿ ಕಳಿಸುತ್ತೇವೆ ಅಂತ ಎಲ್ಲ ಕಡೆ ಜಾಹೀರಾತು ಬರುತ್ತಿದೆಯಲ್ಲ, ಆಪರೇಷನ್ ಇಲ್ಲದೆ ಆಗುತ್ತಿರಲಿಲ್ವಾ?

ಮಕ್ಕಳ ಶಸ್ತ್ರವೈದ್ಯ
ಮೂರು ವರ್ಷದ ಮಗುವಿಗೆ ಏನಿದೆ ಅಂತ ತಿಳಿಯದ ಪುಡಿ ಕೊಡಬೇಡಿ. ಈ ವಯಸ್ಸಿನ ಮೂತ್ರಕೋಶ ತುಂಬಿದಾಗ ಹಿಡಿಯುವುದು ಹೆಚ್ಚುಕಡಿಮೆ 120 ಎಂಎಲ್, ಒಂದು ಸಣ್ಣ ಲೋಟದಷ್ಟು. ಅದರಲ್ಲಿ ಕಡಲೆಕಾಳು ಗಾತ್ರದ ಕಲ್ಲು ಅಂದರೆ ಬಾಗಿಲಿಗೆ ಬಂಡೆ ಇಟ್ಟ ಹಾಗೆ. ಈಗ ಸಣ್ಣ ರಂಧ್ರದಿಂದ ಅಥವಾ ಮೂತ್ರನಾಳದಿಂದ ದುರ್ಬೀನು ಬಿಟ್ಟು, ಲೇಸರ್‌ನಲ್ಲಿ ಪುಡಿ ಮಾಡಿ ತೆಗೆಯುತ್ತೇವೆ. ದೊಡ್ಡದಿದ್ದರೆ ಕೆಳಹೊಟ್ಟೆಯಲ್ಲಿ ಸಣ್ಣ ಗಾಯ. ಹೆಚ್ಚಾಗಿ ಒಂದು ಸಲದಲ್ಲಿ ಮುಗಿಯುತ್ತದೆ.

ಇತಿಹಾಸದ ಹುಚ್ಚು
ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಅಶ್ಮರಿ ಅಂತ ಹೆಸರು. ಮಕ್ಕಳಿಗೇ ಹೆಚ್ಚು ಬರುತ್ತದೆ, ಆಹಾರದಿಂದ ಬರುತ್ತದೆ ಅಂತ ಅಲ್ಲೂ ಹೇಳಿದೆ. ಮಕ್ಕಳ ಮೂತ್ರಕೋಶ ಚಿಕ್ಕದು, ಆದ್ದರಿಂದ ಕಲ್ಲು ಹಿಡಿದು ತೆಗೆಯುವುದು ಸುಲಭ ಅಂತಲೂ ಇದೆ. ಆದರೆ ಅವರು ದೂರಿದ್ದು ಜಿಡ್ಡಿನ, ಸಿಹಿಯಾದ, ಭಾರದ ಊಟವನ್ನು. ಯಾವ ಊಟ ಅನ್ನುವುದರಲ್ಲಿ ಈಗಿನ ಮಾತಿಗೂ ಅದಕ್ಕೂ ಹೊಂದುವುದಿಲ್ಲ. ಊಟ ಅನ್ನುವುದು ಮಾತ್ರ ಆಗಲೇ ಕಣ್ಣಿಗೆ ಬಿದ್ದಿತ್ತು.

ಪುಟ್ಟನ ಅಮ್ಮ
ಇವತ್ತು ವರದಿ ಬಂತು. ಅಮೋನಿಯಂ ಯೂರೇಟ್, ಜೊತೆಗೆ ಸ್ವಲ್ಪ ಕ್ಯಾಲ್ಸಿಯಂ ಆಕ್ಸಲೇಟ್. ಲ್ಯಾಬ್ ಹುಡುಗ ಹೇಳಿದ್ದೇ ಸರಿ. ನಮ್ಮ ವೈದ್ಯರೂ ಇದನ್ನೇ ಹೇಳಿದರು, ಹಾಲು ಶುರು ಮಾಡಿ ಅಂದರು. ನಾದಿನಿಗೆ ಫೋನ್ ಮಾಡಿ ಹೇಳಿದೆ, "ಹೌದಾ ಅತ್ತಿಗೆ? ನಮ್ಮ ಮನೆಯಲ್ಲೂ ಬಿಡಿಸಿದ್ದೆನಲ್ಲ" ಅಂತ ಗಾಬರಿಯಾದಳು.

ಹಾಲು ಎಷ್ಟು ಕೊಡಲಿ? ನೀರು ಎಷ್ಟು? ಮತ್ತೆ ಬರುತ್ತದಾ ಅನ್ನುವುದು ಇನ್ನೂ ಕೊರೆಯುತ್ತಿದೆ.

ಮಕ್ಕಳ ಶಸ್ತ್ರವೈದ್ಯ
ಈ ತರದ ಕಲ್ಲು ತೆಗೆದ ಮೇಲೆ ಮತ್ತೆ ಬರುವುದು ಅಪರೂಪ. ಊಟ ಸರಿಯಾದರೆ ಇನ್ನೂ ಅಪರೂಪ. ಮರುಕಳಿಸಿದರೆ ಮಾತ್ರ ಸಿಸ್ಟೀನ್, ಆಕ್ಸಲೇಟ್‌ನಂಥ ವಸ್ತು ಮೂತ್ರದಲ್ಲಿ ಜಾಸ್ತಿಯಾಗುವ ಹುಟ್ಟುದೋಷಗಳನ್ನು ಹುಡುಕಬೇಕಾಗುತ್ತದೆ.

ಹಾಲು ದಿನಕ್ಕೆ 350ರಿಂದ 500 ಎಂಎಲ್ ಒಳಗೆ ಇರಲಿ. ಇದಕ್ಕಿಂತ ಜಾಸ್ತಿ ಬೇಡ, ಹೊಟ್ಟೆ ಹಾಲಲ್ಲೇ ತುಂಬಿ ಕಬ್ಬಿಣಾಂಶ ಕಮ್ಮಿಯಾಗುತ್ತದೆ. ಮೊಸರನ್ನೂ ಇದರಲ್ಲೇ ಲೆಕ್ಕ ಹಿಡಿಯಿರಿ. ನೀರು, ಹಾಲು, ಊಟದಲ್ಲಿರುವ ನೀರು ಎಲ್ಲ ಸೇರಿ ಸುಮಾರು 1.3 ಲೀಟರ್. ಅಳೆಯುತ್ತಾ ಕೂರಬೇಡಿ, ಸುಸ್ಸು ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸಾಕು. ಮೂರು ತಿಂಗಳಿಗೆ ಒಂದು ಸ್ಕ್ಯಾನಿಂಗ್ ಮಾಡಿಸಿ.

ಇಬ್ಬರ ತಾಯಿ
ಮೊಟ್ಟೆ ಉಗುಳುವ ಮಗುವಿಗೆ ಅನ್ನದಲ್ಲೇ ನುಣ್ಣಗೆ ಕಿವುಚಿ ಕೊಡಿ, ಬೇಳೆಯ ಜೊತೆ. ನನ್ನ ಚಿಕ್ಕವನಿಗೆ ಹಾಗೇ ರೂಢಿ ಮಾಡಿದ್ದು. ಮೊದಲ ವಾರ ಒಂದು ಚಮಚಕ್ಕಿಂತ ಜಾಸ್ತಿ ಹಾಕಬೇಡಿ. ಟೊಮೆಟೊ ಬೀಜದ ಮಾತು ವಾಪಸು ತೆಗೆದುಕೊಂಡೆ.

ಪುಟ್ಟನ ಅಮ್ಮ
ನಾಳೆಯೇ ಮಾಡುತ್ತೇನೆ ಅಕ್ಕ.

ಇವತ್ತು ಬೆಳಿಗ್ಗೆ ಅವನು ಬಚ್ಚಲಿಂದ ಕೂಗಿದ. ಓಡಿಹೋಗಿ ನೋಡಿದರೆ ಧಾರೆ ನಿಲ್ಲದೆ ಗೋಡೆಯವರೆಗೆ ಹೋಗುತ್ತಿತ್ತು. "ಅಮ್ಮಾ ನೋಡು, ನಿಲ್ತಾನೇ ಇಲ್ಲ" ಅಂದ. ಇಬ್ಬರೂ ಅಲ್ಲೇ ನಿಂತು ಅದು ಮುಗಿಯುವವರೆಗೆ ನೋಡಿದೆವು.